ಇಸ್ತ್ರಿ ಎತೆಲ್ವಿನಾ ಬರೆದ ಹಳೇ ವರ್ಷದ ಉಯಿಲು

ಎತೆಲ್ವಿನಾ ಸಿಗ್ವೆನ್ಸಾ ಎಂದರೆ ನಮ್ಮ ಏರಿನಲ್ಲಿ ಯಾರಿಗೂ ತಟ್ಟನೆ ಗೊತ್ತಾಗುವುದಿಲ್ಲ. ಇಸ್ತ್ರಿ ಎತೆಲ್ವಿನಾ ಎನ್ನಬೇಕು. ಕ್ವೆಂಕಾ ಪಟ್ಟಣದ ಹೊಳೆಯಂಚಿನಿಂದ ಮೇಲಕ್ಕೆ ಹತ್ತುವ ಕಲ್ಲುಹಾಸಿನ ಬೀದಿಯೇ ನಮ್ಮ ಏರು. ಅದರ ನಡುಮಧ್ಯದ ನೀಲಿ ಬಾಗಿಲಿನ ಹಿಂದೆ ಅವಳು ಹುಡುಗಿಯಾಗಿದ್ದಾಗಿನಿಂದ ಬೇರೆಯವರ ಅಂಗಿಗಳ ಸುಕ್ಕು ತೆಗೆಯುತ್ತ ಬಂದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಊರಿನ ಗಂಡಸರ ಕಾಲರ್ ಒಳಗಡೆ ಹೇಗಿರುತ್ತೆ ಅಂತ ನೋಡಿದವಳು ನಾನು" ಎನ್ನುತ್ತಿದ್ದಳು.

ಇಸ್ತ್ರಿಗೆ ಬಂದವರು ಬಟ್ಟೆ ಕೊಟ್ಟು ಹೋಗುತ್ತಿರಲಿಲ್ಲ, ಕೂತುಬಿಡುತ್ತಿದ್ದರು. ಮರಗೆಣಸಿನ ಗಂಜಿ ಚಿಮುಕಿಸಿ, ಬಟ್ಟೆ ಮಡಿಸಿ, ಅದು ಹದವಾಗಿ ನೆನೆಯುವವರೆಗೂ ಕಾಯಬೇಕು. ಕಾಯುವವರ ಬಾಯಿ ಸುಮ್ಮನಿರುವುದಿಲ್ಲ. ಎತೆಲ್ವಿನಾ ಕಿವಿ ಅವರ ಕಡೆ, ಕಣ್ಣು ತೋಳಿನ ಮಡಿಕೆಯ ಕಡೆ. ಕೇಳಿದ್ದನ್ನು ಪ್ರಾಸ ಹಾಕಿ ಗುನುಗುತ್ತಿದ್ದಳು. ಬಾಯಲ್ಲಿ ಬಂದದ್ದು ಬಾಯಲ್ಲೇ ಉಳಿಯುತ್ತಿತ್ತು. ಮೂರನೇ ತರಗತಿಗೆ ಶಾಲೆ ಬಿಟ್ಟವಳಿಗೆ ಬರೆಯುವುದು ಎಂದರೆ ಕೈನೋವು.

ಹೀಗಿರುವಾಗ ಹಳೇ ವರ್ಷದ ಉಯಿಲು ಬರೆಯುತ್ತಿದ್ದ ದರ್ಜಿ ತೀರಿಕೊಂಡ. ಡಿಸೆಂಬರ್ ಕೊನೆಯ ದಿನ ಏರಿನ ತುದಿಯಲ್ಲಿ ಕುರ್ಚಿ ಹಾಕಿ, ಮರದ ಹೊಟ್ಟು ತುಂಬಿದ ಮುದುಕನ ಬೊಂಬೆಯನ್ನು ಕೂರಿಸುತ್ತೇವೆ. ಅವನೇ ಹಳೇ ವರ್ಷ. ಅವನನ್ನು ಸುಡುವ ಮೊದಲು ಅವನ ಉಯಿಲು ಓದಬೇಕು: ಯಾರಿಗೆ ಏನು ಬಿಟ್ಟುಹೋಗುತ್ತೇನೆ ಎಂದು. ಜಿಪುಣನಿಗೆ ಹರಿದ ಜೇಬು, ಜಗಳಗಂಟಿಗೆ ಕತ್ತರಿ, ಕುಡುಕನಿಗೆ ಖಾಲಿ ಶೀಷೆ. ವರ್ಷವಿಡೀ ಬೆನ್ನ ಹಿಂದೆ ಆಡಿಕೊಂಡದ್ದನ್ನು ಅಂದು ಎದುರಿಗೆ ನಿಲ್ಲಿಸಿ ಆಡುತ್ತೇವೆ. ಉಯಿಲಿನಲ್ಲಿ ಬಂದದ್ದು ಮುದುಕನ ಜೊತೆ ಉರಿದುಹೋಯಿತು ಎಂದು ಲೆಕ್ಕ. ಮಾರನೆಯ ದಿನ ಅದರ ಸುದ್ದಿ ಎತ್ತಿದವರ ಮುಖಕ್ಕೆ ಬಾಗಿಲು ಬೀಳುತ್ತದೆ. ದರ್ಜಿಯ ನಂತರ ಪ್ರಾಸ ಬರುವವಳು ಎತೆಲ್ವಿನಾ ಒಬ್ಬಳೇ ಆದ್ದರಿಂದ ಅವಳ ಕೈಗೆ ಪೆನ್ಸಿಲು ಬಂತು.

ಮೊದಲಿನ ವರ್ಷಗಳಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಔಷಧಿ ಅಂಗಡಿಯವನ ಸುಳ್ಳುಕೂದಲಿನ ಮೇಲೆ ಬರೆದದ್ದನ್ನು ಮಕ್ಕಳೂ ಕಂಠಪಾಠ ಮಾಡಿದವು:

ಔಷಧಿಯಂಗಡಿ ಯಜಮಾನ್ರಿಗೆ ಕುದುರೆ ಬಾಲದ ಕೂದಲು,
ಗಾಳಿ ಬಂದರೆ ತಲೆ ಹಿಡ್ಕೊಳ್ಳಿ, ಟೋಪಿಗಿಂತ ಮೊದಲು.

ತೊಂದರೆ ಏನೆಂದರೆ, ಮುಂದಿನ ವರ್ಷವೂ ಅದೇ ಕೂದಲು ಬಂತು, ಅದರ ಮುಂದಿನ ವರ್ಷವೂ ಬಂತು. ಅಷ್ಟರಲ್ಲಿ ಇಸ್ತ್ರಿ ಬೇಡದ ಬಟ್ಟೆಗಳು ಅಂಗಡಿಗೆ ಬಂದಿದ್ದವು. ಕಾಯುವವರು ಕಡಿಮೆಯಾದರು, ಅವರ ಜೊತೆ ಮಾತೂ ಕಡಿಮೆಯಾಯಿತು. ಕೊನೆಗೊಂದು ಡಿಸೆಂಬರಿನಲ್ಲಿ ಅವಳು ಉಯಿಲು ಓದಿ ಮುಗಿಸಿದಾಗ ಯಾರೋ ಕೆಮ್ಮಿದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಔಷಧಿ ಅಂಗಡಿಯವನು ಆ ಕೂದಲನ್ನು ತೆಗೆದು ಎಷ್ಟೋ ಕಾಲವಾಗಿತ್ತು. ಬೋಳುತಲೆಯಲ್ಲೇ ಎದುರಿಗೆ ಕೂತು, ಪಾಪ ಅವಳಿಗೆ ಬೇಜಾರಾದೀತೆಂದು ಮುಗುಳ್ನಕ್ಕ.

ಕಾರ್ನಿವಾಲ್ ಮುಗಿದ ವಾರ ಬೀದಿ ಸಮಿತಿಯ ಅಧ್ಯಕ್ಷ ಲೌತಾರೊ ಅವಳ ಬಾಗಿಲಿಗೆ ಬಂದ. ಬೀಗ, ಮೊಳೆ, ಚಿಲಕ ಮಾರುವ ಅಂಗಡಿ ಅವನದು. ಅಳೆದು ಮಾತಾಡುವ ಮನುಷ್ಯ.

"ದೊನ್ಯಾ ಎತೆಲ್ವಿನಾ, ಸಮಿತಿಯವರು ಮಾತಾಡಿಕೊಂಡ್ವಿ. ಉಯಿಲಿಗೆ ಬೇರೆಯವರನ್ನ ನೋಡೋಣ ಅಂತ. ರೇಡಿಯೋದವನೊಬ್ಬ ಇದಾನಂತೆ."

"ಅವನು ಈ ಏರಿನವನಾ?"

"ಅಲ್ಲ."

"ಮತ್ತೆ ಯಾರ ಮನೆ ಸಾರು ಸೀದಿದೆ ಅಂತ ಅವನಿಗೆ ಹೇಗೆ ಗೊತ್ತಾಗುತ್ತೆ?"

"ನಿಮಗೆ ಗೊತ್ತಾಗ್ತಿದೆಯಾ?" ಎಂದ ಲೌತಾರೊ. ದನಿ ಎತ್ತಲಿಲ್ಲ. ಅದಕ್ಕೇ ಅದು ಹೆಚ್ಚು ತಾಗಿತು.

ಅವಳು ಇಸ್ತ್ರಿಪೆಟ್ಟಿಗೆ ಇಳಿಸಿದಳು. "ಇದೊಂದು ವರ್ಷ ಕೊಡಿ. ಜನ ನಗದೇ ಇದ್ರೆ ನಾನೇ ಪೆನ್ಸಿಲು ತಂದು ನಿಮ್ಮ ಗಲ್ಲಾಪೆಟ್ಟಿಗೆ ಮೇಲಿಡ್ತೀನಿ."

ಅವನು ಒಪ್ಪಿಕೊಂಡು ಹೋದ. ಎತೆಲ್ವಿನಾ ಅಂದು ಒಂದು ಅಂಗಿಯ ಬೆನ್ನು ಸುಟ್ಟಳು. ಅವಳ ಕೈಯಲ್ಲಿ ಬಟ್ಟೆ ಸುಟ್ಟದ್ದು ಅದೇ ಮೊದಲು. ಉಯಿಲು ಹೋದರೆ ಬೀದಿಗೆ ಅವಳು ಏನು? ಒಂದು ಇಸ್ತ್ರಿಪೆಟ್ಟಿಗೆ, ಅದೂ ಯಾರಿಗೂ ಬೇಡದ್ದು. ದಾರಿಯಲ್ಲಿ ಜನ ನಿಂತು "ನನ್ನ ಮೇಲೆ ಏನು ಬರೀತೀಯೇ ಮಾರಾಯ್ತಿ" ಎಂದು ಕೆಣಕುತ್ತಿದ್ದರಲ್ಲ, ಅಷ್ಟೇ ಅವಳ ನೆಂಟಸ್ತಿಕೆ. ಅದನ್ನು ಅವಳು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ, ಬ್ರೆಡ್ಡು ಮಾರುವ ಗೆಳತಿ ವಿಸೆಂತಾಳ ಮುಂದೆ ಕೂಡ. ವಿಸೆಂತಾಳ ಮಗಳಿಗೆ ಚರ್ಚಿನ ನಾಮಕರಣದಲ್ಲಿ ಇವಳೇ ದೀಕ್ಷಾತಾಯಿ, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ, ಅಂದರೆ ಜೊತೆತಾಯಿ, ಎಂದು ಕರೆಯುತ್ತಿದ್ದರು.

ಹೇಳದೆಯೇ ವಿಸೆಂತಾಳಿಗೆ ತಿಳಿಯಿತು. "ಚರ್ಚಿನ ಹಾಲಿನಲ್ಲಿ ಬರೆಯೋದು ಕಲಿಸ್ತಾರಂತೆ ಕಣೇ ಕೊಮಾದ್ರೆ. ಶಾಲೆಯಿಂದ ನಿವೃತ್ತಿಯಾದ ಮಿಸ್ ಓಫೆಲಿಯಾ. ಪುಕ್ಕಟೆ. ಹೋಗು."

"ಈ ವಯಸ್ಸಲ್ಲಿ ಬೆಂಚ್ ಮೇಲೆ ಕೂರ್ಲಾ?"

"ಮತ್ತೇನು, ಬೆಂಚ್ ಕೆಳಗೆ ಕೂರ್ತೀಯಾ?"

ಹೋದಳು. ಮಿಸ್ ಓಫೆಲಿಯಾ ಒಳ್ಳೆಯ ಹೆಂಗಸು, ಉತ್ಸಾಹ ಜಾಸ್ತಿ. ವಿಷಯ ಹೊಳೆಯಲಿ ಎಂದು ಕಾಯಬಾರದು, ವಿಷಯವೇ ನಮ್ಮನ್ನು ಹುಡುಕಿಕೊಂಡು ಬರುವಂತೆ ಮಾಡಬೇಕು ಎಂದರು. ದಿನಾ ಒಂದೇ ಹೊತ್ತಿಗೆ, ಒಂದೇ ಕುರ್ಚಿಯಲ್ಲಿ ಕೂರಿ. ಚೆನ್ನಾಗಿದೆಯೋ ಕೆಟ್ಟದಾಗಿದೆಯೋ ನೋಡಬೇಡಿ. ಕಂಡದ್ದು, ಕೇಳಿದ್ದು, ಮೂಸಿದ್ದು, ಎಲ್ಲಾ ಬರೆಯಿರಿ. ಏನೂ ತೋಚದಿದ್ದರೆ, ಏನೂ ತೋಚಲಿಲ್ಲ ಎಂದು ಬರೆಯಿರಿ.

ಉಳಿದವರಿಗೆ ಇದು ಸಲಹೆ, ಎತೆಲ್ವಿನಾಳಿಗೆ ಆಜ್ಞೆ. ಮಾರನೆಯ ದಿನ ಬೆಳಗಿನ ಐದಕ್ಕೆ ಕಾಫಿ ಇಳಿಸಿ ಮೇಜಿಗೆ ಕೂತಳು. ಬರೆಯಲು ಸಕ್ಕರೆ ಚೀಲದ ಕಂದು ಕಾಗದ ಕತ್ತರಿಸಿಟ್ಟಿದ್ದಳು. ಕಾಗದ ಸುಕ್ಕಾಗಿತ್ತು. ಸುಕ್ಕಿನ ಮೇಲೆ ಹೇಗೆ ಬರೆಯುವುದು? ಎದ್ದು ಇಸ್ತ್ರಿ ಬಿಸಿ ಮಾಡಿದಳು. ಕಾಗದಕ್ಕೆ ನೀರು ಚಿಮುಕಿಸಿದರೆ ಹರಿಯುತ್ತದೆ, ಚಿಮುಕಿಸದಿದ್ದರೆ ಸುಕ್ಕು ಹೋಗುವುದಿಲ್ಲ. ಆದ್ದರಿಂದ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಕಾಗದ ಇಟ್ಟು, ಮತ್ತೊಂದು ಬಟ್ಟೆ ಹೊದಿಸಿ ಒತ್ತಿದಳು. ಅಂಚಿನವರೆಗೂ ನಯವಾಗುವ ಹೊತ್ತಿಗೆ ಬೆಳಕು ಹರಿದು ಗಿರಾಕಿ ಬಾಗಿಲು ಬಡಿದ. ಬರೆಯುವ ಅಭ್ಯಾಸ ಹೀಗೆ ಶುರುವಾಯಿತು, ಬರವಣಿಗೆ ಒಂದು ಬಿಟ್ಟು ಉಳಿದದ್ದೆಲ್ಲ ಸರಿಯಾಗಿತ್ತು.

ಆಮೇಲೆ ಬರೆದಳು. "ಇವತ್ತು ಏನೂ ತೋಚಲಿಲ್ಲ. ನಿನ್ನೆಯೂ ತೋಚಿರಲಿಲ್ಲ, ಆದರೆ ನಿನ್ನೆ ಕಾಫಿ ಚೆನ್ನಾಗಿತ್ತು." ಮಿಸ್ ಓಫೆಲಿಯಾ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, "ನೋಡಿ, ಎಷ್ಟು ಪ್ರಾಮಾಣಿಕವಾಗಿದೆ!" ಎಂದು ಚಪ್ಪಾಳೆ ತಟ್ಟಿದರು. ಎತೆಲ್ವಿನಾಳಿಗೆ ಗಾಬರಿಯಾಯಿತು. ಹಳೇ ವರ್ಷದ ಮುದುಕ ಕಾಫಿ ಚೆನ್ನಾಗಿತ್ತು ಎಂದರೆ ಏರಿನವರು ನಗುತ್ತಾರೆಯೇ?

ಆದರೂ ಬಿಡಲಿಲ್ಲ. ಹಗಲು ಕೇಳಿದ್ದನ್ನು ಬೆಳಗ್ಗೆ ಬರೆಯತೊಡಗಿದಳು. ಕಾಗದದ ಅಟ್ಟಿ ಇಸ್ತ್ರಿ ಮೇಜಿನ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಬೆಳೆಯಿತು. ಕಂಡವರ ಬಾಯಿಗೆ ಬೀಗ ಬಿತ್ತು.

"ಹೇಗಿದೀಯೇ ಮಗಳೇ?" ಎಂದು ಎತೆಲ್ವಿನಾ ಕೇಳಿದರೆ,

"ಚೆನ್ನಾಗಿದೀನಿ. ಅಷ್ಟೇ. ಬರ್ಕೊಳ್ಳೋವಂಥದ್ದು ಏನಿಲ್ಲ."

ಒಬ್ಬಳಂತೂ ಅಂಗಿ ಕೊಡುವ ಮೊದಲು ಜೇಬೆಲ್ಲ ತಿರುವಿ ಹಾಕಿ, ಕಾಲರ್ ಮೂಸಿ ನೋಡಿ ಕೊಟ್ಟಳು. ಮಾತು ಬೇಕೆಂದು ಹಿಡಿದ ಅಭ್ಯಾಸ ಇದ್ದ ಮಾತನ್ನೂ ಓಡಿಸಿತು. ಕೆಲವು ದಿನ ಅವಳು ನೊಣದ ಬಗ್ಗೆ ಬರೆದಳು. ನೊಣವೂ ಎದ್ದು ಹೋಯಿತು.

ಆಮೇಲೆ ಗಾಳಿ ತಿರುಗಿತು. ಅಟ್ಟಿಯಲ್ಲಿ ತನ್ನ ಹೆಸರಿರಬಹುದು ಎಂಬ ಹೆದರಿಕೆ ಹೋಗಿ, ತನ್ನ ಹೆಸರೇ ಇಲ್ಲದಿದ್ದರೆ ಎಂಬ ಹೆದರಿಕೆ ಹುಟ್ಟಿತು. ಉಯಿಲಿನಲ್ಲಿ ಹೆಸರಿಲ್ಲದವನು ಏರಿನವನೇ ಅಲ್ಲ, ಬಾಡಿಗೆಗಿದ್ದು ಹೋಗುವವನು. ಜನ ಸುಕ್ಕಿಲ್ಲದ ಬಟ್ಟೆ ಹಿಡಿದು ಬಂದರು. ವಿಸೆಂತಾಳೇ ಒಂದು ಬುಟ್ಟಿ ಬ್ರೆಡ್ಡಿನ ಜೊತೆ ಬಂದು ಕೂತಳು.

"ನನ್ನ ಮೇಲೆ ಏನು ಬರೆದಿದೀಯ?"

"ಏನೂ ಇಲ್ಲ."

"ಏನೂ ಇಲ್ವಾ! ಮೊನ್ನೆ ನಾನು ಸಕ್ಕರೆ ಅಂತ ಉಪ್ಪು ಹಾಕಿ ಪಾದ್ರಿಗೆ ಕೇಕ್ ಕಳಿಸಿದೆನಲ್ಲ, ಅದು ಏನೂ ಅಲ್ವಾ?"

"ನೀನು ಬೇಕು ಅಂತಲೇ ಹಾಕಿದೆ ಕೊಮಾದ್ರೆ. ಹಾಕೋಕೆ ಮುಂಚೆ ನನ್ನ ಕೇಳಿದೆ, ಎಷ್ಟು ಹಾಕಿದ್ರೆ ಪದ್ಯಕ್ಕೆ ಆಗುತ್ತೆ ಅಂತ."

"ಆದ್ರೂ ಪಾದ್ರಿ ಪೂರ್ತಿ ತಿಂದ್ರಲ್ಲ! ಅದನ್ನ ಬರಿ."

ಬರೆದಳು. ತಂದುಕೊಟ್ಟದ್ದನ್ನೆಲ್ಲ ಬರೆದಳು. ಅಟ್ಟಿ ಮೇಜಿಗಿಂತ ಎತ್ತರವಾಯಿತು. ಆದರೆ ಓದಿದರೆ ಅವಳಿಗೇ ನಗು ಬರುತ್ತಿರಲಿಲ್ಲ. ತಾವಾಗಿ ತಂದುಕೊಟ್ಟ ಗುಟ್ಟು ಅಂಗಡಿಯ ಹೊಸ ಅಂಗಿಯ ಹಾಗೆ, ಇಸ್ತ್ರಿ ಆಡಿಸಲು ಅದರಲ್ಲೊಂದು ಮಡಿಕೆಯೂ ಇಲ್ಲ.

ಸತ್ತವರ ಹಬ್ಬದ ಹಿಂದಿನ ದಿನ ಲೌತಾರೊ ಬಿಳಿ ಅಂಗಿ ತಂದ. ಎಲ್ಲರ ಹಾಗೆ ಕೂರಲಿಲ್ಲ, ನಿಂತೇ ಇದ್ದ. ಅಟ್ಟಿಯನ್ನು ನೋಡಿ, ಗೋಡೆ ನೋಡಿ, ಮತ್ತೆ ಅಟ್ಟಿ ನೋಡಿದ.

"ತುಂಬಾ ಬರೆದಿದೀರಿ."

"ದಿನಾ ಬರೀತೀನಿ."

"ನನ್ನ ಬಗ್ಗೆ ಏನಾದ್ರೂ ಇದೆಯಾ?"

ಎತೆಲ್ವಿನಾ ಬೆನ್ನು ನೆಟ್ಟಗೆ ಮಾಡಿದಳು. ಇಷ್ಟು ವರ್ಷ ಸದ್ದಿಲ್ಲದೆ ಕೊಟ್ಟುಕೊಂಡು ಬಂದ ಉಡುಗೊರೆಯ ಬಗ್ಗೆ ಕೊನೆಗೂ ಅವನೇ ಕೇಳಿದ ಎಂದುಕೊಂಡಳು. "ದೋನ್ ಲೌತಾರೊ, ನಿಮ್ಮ ಹೆಸರು ನಾನು ಒಂದು ಸಲಾನೂ ತಂದಿಲ್ಲ. ತರೋದೂ ಇಲ್ಲ. ನನಗೂ ಮನಸ್ಸಿದೆ."

"ಗೊತ್ತು," ಎಂದ ಲೌತಾರೊ. "ಪ್ರತಿ ವರ್ಷ ಕೊನೇವರೆಗೂ ನಿಂತು ಕೇಳ್ತೀನಿ." ಅಂಗಿ ಇಟ್ಟು ಹೋದ. ಬಾಗಿಲನ್ನು ಎಷ್ಟು ಮೆತ್ತಗೆ ಹಾಕಿಕೊಂಡನೆಂದರೆ ಚಿಲಕ ಬಿದ್ದ ಸದ್ದೂ ಬರಲಿಲ್ಲ.

ಲೌತಾರೊನ ಕಥೆ ಏರಿಗೆಲ್ಲ ಗೊತ್ತಿದ್ದದ್ದೇ. ಅವನ ಹೆಂಡತಿ ಬೆರ್ತಾ ಬಹಳ ಹಿಂದೆ ಗ್ಯಾಸ್ ಸಿಲಿಂಡರಿನ ಲಾರಿಯವನ ಜೊತೆ ಕರಾವಳಿಯ ಮಚಾಲಾಕ್ಕೆ ಹೊರಟುಹೋದಳು. ಅಂದಿನಿಂದ ಎಲ್ಲರೂ ಅವನ ಮುಂದೆ ಬಹಳ ಜೋಪಾನ. ಹೆಂಡತಿ ಎಂಬ ಮಾತು ಬಂದರೆ ಕೆಮ್ಮುವುದು, ಮಚಾಲಾದ ಬಾಳೆಹಣ್ಣನ್ನು ಬರಿ ಬಾಳೆಹಣ್ಣು ಎನ್ನುವುದು. ಮದುವೆಗೆ ಕರೆದರೆ ಬೇಜಾರಾದೀತೆಂದು ಕರೆಯುತ್ತಲೇ ಇರಲಿಲ್ಲ. ಅವನು ಅತ್ತ ಹೋದ ಮೇಲೆ ಮಾತ್ರ ಮೊದಲಿನಿಂದ ಕೊನೆಯವರೆಗೂ ಕಥೆ ಹೇಳಿಕೊಳ್ಳುವುದು. ಅದು ಹಳತಾಗಲೇ ಇಲ್ಲ. ಹೇಗೆ ಹಳತಾದೀತು, ಉಯಿಲಿನಲ್ಲಿ ಬಂದು ಉರಿದಿದ್ದರಲ್ಲವೇ?

ಅವತ್ತೇ ಮಧ್ಯಾಹ್ನ ಆ ಬಿಳಿ ಅಂಗಿಯ ತೋಳು ಒತ್ತುತ್ತಿದ್ದಾಗ ಗ್ಯಾಸ್ ಲಾರಿ ಏರು ಹತ್ತಿತು. ಈಗಿನ ಲಾರಿಯವನು ಬೇರೆ, ಗಿರಾಕಿಗಳನ್ನು ಕರೆಯಲು ಹಾಕುವ ಹಾಡು ಮಾತ್ರ ಅದೇ ಟಿಣಿಟಿಣಿ. ಬೀಗದ ಅಂಗಡಿ ಹತ್ತಿರ ಬರುತ್ತಲೇ ಹಾಡು ಪಟ್ಟನೆ ನಿಂತಿತು. ಅಂಗಡಿ ದಾಟಿದ ಮೇಲೆ ಮತ್ತೆ ಶುರುವಾಯಿತು. ಹೊಸಬನಿಗೂ ಯಾರೋ ಹೇಳಿಕೊಟ್ಟಿದ್ದರು. ಎತೆಲ್ವಿನಾ ದಿನಾ ಕೇಳುತ್ತಿದ್ದ ಮೌನವೇ ಅದು, ಒಳ್ಳೆಯ ಜನ ನಾವು ಎಂದುಕೊಳ್ಳುತ್ತಿದ್ದಳು. ಇಂದು ಆ ಮೌನವನ್ನು ಲೌತಾರೊನ ಅಂಗಡಿಯೊಳಗೆ ಕೂತು ಕೇಳಿದಂತಾಯಿತು. ಲಾರಿ ನಿಲ್ಲದೆ ಹೋಗುವುದರಿಂದ ಅವನ ಮನೆಯಲ್ಲಿ ಗ್ಯಾಸ್ ಒಲೆಯೂ ಇರಲಿಲ್ಲ. ಇದ್ದಿಲಿನಲ್ಲಿ ಜೋಳ ಬೇಯಿಸಿಕೊಳ್ಳುತ್ತಿದ್ದ.

ಈ ಸಲ ಲೌತಾರೊನ ಮೇಲೆ ಬರೆಯುತ್ತೇನೆ ಎಂದು ಅವಳು ವಿಸೆಂತಾಳಿಗೆ ಹೇಳಿದಳು. ವಿಸೆಂತಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. "ಹುಚ್ಚು ಹಿಡಿದಿದೆಯಾ ನಿಂಗೆ? ಅವನು ಅಲ್ಲೇ ಕುಸಿದುಬಿದ್ರೆ? ಉಯಿಲೂ ಹೋಗುತ್ತೆ, ಏರಿನಲ್ಲಿ ನಿನ್ನ ಮುಖ ನೋಡೋರೂ ಇರಲ್ಲ."

ಎಲ್ಲವನ್ನೂ ಬರೆಯಿರಿ ಎಂದಿದ್ದ ಮಿಸ್ ಓಫೆಲಿಯಾ ಅವರನ್ನು ಕೇಳಿದಳು. ಅವರು ಕನ್ನಡಕ ತೆಗೆದರು. "ಎಲ್ಲಾ ಅಂದ್ರೆ... ಇದು ಬೇಡ ಎತೆಲ್ವಿನಾ. ಆ ನೊಣದ ಬಗ್ಗೆ ಬರೆದಿದ್ರಲ್ಲ, ಅದನ್ನ ಬೆಳೆಸಿ."

ಅವಳು ಅಂದಿನಿಂದ ಬೆಳಗಿನ ಐದಕ್ಕೆ ಲೌತಾರೊನ ಪದ್ಯಕ್ಕೇ ಕೂತಳು. ಬರೆದದ್ದು ಒಂದು ದಿನ ಕ್ರೂರವಾಗಿ ಕಂಡಿತು, ಮರುದಿನ ಸಾವಿನ ಪ್ರಾರ್ಥನೆಯ ಹಾಗೆ ಕಂಡಿತು. ಅಳಿಸಿ ಅಳಿಸಿ ಕಾಗದ ತೂತಾಯಿತು. ತೂತಿನ ಅಂಚಿಗೂ ಇಸ್ತ್ರಿ ಹಾಕಿದಳು. ಕೊನೆಗೆ ಪದ್ಯ ಬಂದದ್ದು ಐದಕ್ಕೂ ಅಲ್ಲ, ಆ ಕುರ್ಚಿಯಲ್ಲೂ ಅಲ್ಲ. ಸಂತೆಯಿಂದ ಬಸ್ಸಿನಲ್ಲಿ ಬರುವಾಗ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಟ್ಟೆಯ ಚೀಲ ಹಿಡಿದು ನಿಂತಿದ್ದಾಗ ನಾಲ್ಕೂ ಸಾಲು ಒಟ್ಟಿಗೆ ಬಂದವು. ಮರೆತುಹೋದೀತೆಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಬಂದಳು. ಪಕ್ಕದವರು ಸರಿದು ಜಾಗ ಕೊಟ್ಟರು. ಮೊಟ್ಟೆ ಒಡೆದವು, ಪದ್ಯ ಉಳಿಯಿತು.

"ನೀವು ದಿನಾ ಕೂತಿದ್ದಕ್ಕೇ ಅದು ಬಂದದ್ದು," ಎಂದರು ಮಿಸ್ ಓಫೆಲಿಯಾ.

"ಇರಬಹುದು ಮಿಸ್. ಆದ್ರೆ ನಾನು ಅಲ್ಲಿ ಇಲ್ಲದೇ ಇದ್ದಾಗಲೇ ನೋಡ್ಕೊಂಡು ಬಂತಲ್ಲ."

ಡಿಸೆಂಬರ್ ಕೊನೆಯ ಸಂಜೆ ಮುದುಕನನ್ನು ಕುರ್ಚಿಯಲ್ಲಿ ಕೂರಿಸಿದರು. ಮೀಸೆಯ ಗಂಡಸರು ಕರಿ ಲಂಗ ತೊಟ್ಟು ಅವನ ವಿಧವೆಯರಾಗಿ ಎದೆ ಬಡಿದುಕೊಂಡು ಅತ್ತರು. ನಿಜವಾದ ವಿಧವೆಯರು ಅಷ್ಟು ಚೆನ್ನಾಗಿ ಅಳುವುದಿಲ್ಲ. ಎತೆಲ್ವಿನಾ ನಯವಾದ ಕಾಗದ ಬಿಡಿಸಿ ಓದತೊಡಗಿದಳು. ಪಾದ್ರಿಯ ಕೇಕಿಗೆ ಸಣ್ಣಗೆ ನಗು ಬಂತು. ಉಳಿದದ್ದಕ್ಕೆ ತಮ್ಮ ತಮ್ಮ ಪದ್ಯಕ್ಕೆ ತಾವೇ ನಕ್ಕರು, ಪಕ್ಕದವರು ತಮ್ಮ ಸರದಿ ಕಾದರು. ಲೌತಾರೊ ಎಂದಿನಂತೆ ದೀಪದ ಕಂಬಕ್ಕೆ ಒರಗಿ ನಿಂತಿದ್ದ. ಇನ್ನು ಓದದೆ ನಿಲ್ಲಿಸಿದರೆ ಸೋಲು, ಓದಿದರೆ ಏನೋ. ಅವಳು ಕಾಗದ ಮಗುಚಿದಳು.

ಊರಿಗೆಲ್ಲಾ ಬೀಗ ಮಾರಿ ತನ್ನ ಬಾಗಿಲ ಮರೆತವಗೆ
ಗ್ಯಾಸು ಲಾರಿ ಹಾಡ ಬಿಟ್ಟೆ, ಪೂರ್ತಿ ಕೇಳಲಿ ಕೊನೆವರೆಗೆ.
ಹೋದ ಸಿಲಿಂಡರ್ ತುಂಬಿ ಬರದು, ಮಚಾಲದಲ್ಲೇ ಇರಲಿ ಬಿಡು;
ಹೊಸ ವರ್ಷಕ್ಕೆ ಲೌತಾರೊ, ಒಲೆಗೆ ಸಾರಿನ ಪಾತ್ರೆ ಇಡು.

ವಿಧವೆಯರು ಅಳುವುದನ್ನು ನಿಲ್ಲಿಸಿದರು. ಯಾರದೋ ಮಗು ಏನೋ ಕೇಳಲು ಹೋದಾಗ ತಾಯಿ ಅದರ ಬಾಯಿಗೆ ಕೈ ಅಡ್ಡ ಹಿಡಿದಳು. ಎಲ್ಲರೂ ದೀಪದ ಕಂಬದ ಕಡೆ ನೋಡದಿರಲು ಪ್ರಯತ್ನಪಡುತ್ತ ಅಲ್ಲೇ ನೋಡಿದರು.

ಲೌತಾರೊ ಟೋಪಿ ತೆಗೆದ. ಮತ್ತೆ ಹಾಕಿಕೊಂಡ.

"ಮಚಾಲಾ ಅಲ್ಲ," ಎಂದ.

ವಿಸೆಂತಾ ಮತ್ತೆ ಶಿಲುಬೆ ಗುರುತು ಮಾಡಿಕೊಂಡಳು.

"ಅವಳು ಈಗ ಸಾಂತಾ ರೋಸಾದಲ್ಲಿರೋದು. ಮಚಾಲಾದಲ್ಲಿ ಮೊದಲು ಇದ್ಲು. ತಿದ್ದಿ ಓದಿ."

ಕೆಲಸದ ವಿಷಯ ಬಂದರೆ ಎತೆಲ್ವಿನಾ ಬಿಡುವವಳಲ್ಲ. "ಸಾಂತಾ ರೋಸಾ ಹಾಕಿದ್ರೆ ಸಾಲು ಉದ್ದ ಆಗುತ್ತೆ, ದೋನ್ ಲೌತಾರೊ."

"ಉದ್ದ ಆಗ್ಲಿ. ಸುಳ್ಳು ಯಾಕೆ ಹೇಳ್ಬೇಕು? ಸಿಲಿಂಡರ್ ಎಲ್ಲಿದೆ ಅಂತ ಸರಿಯಾಗಿ ಗೊತ್ತಿರ್ಬೇಕಲ್ಲ."

ಮೊದಲು ನಕ್ಕದ್ದು ಔಷಧಿ ಅಂಗಡಿಯವನು. ಮೂಗಿನಲ್ಲಿ ತಡೆಯಲು ಹೋಗಿ ಆಗದೆ ಹೊರಬಂದ ನಗು ಅದು. ಅದರ ಹಿಂದೆ ವಿಸೆಂತಾ, ಅವಳ ಹಿಂದೆ ಇಡೀ ಏರು. ಇಷ್ಟು ವರ್ಷ ಕೆಮ್ಮಾಗಿ ಹೋಗಿದ್ದದ್ದೆಲ್ಲ ನಗುವಾಗಿ ಬಂತು. ಒಬ್ಬ ವಿಧವೆಯ ಲಂಗ ಜಾರಿತು. ಲೌತಾರೊ ಕೊನೆಗೆ ನಕ್ಕ, ಅಳೆದೇ ನಕ್ಕ. ಆದರೆ ನಿಲ್ಲಿಸಲಿಲ್ಲ. "ಇನ್ನೊಂದು ಸಲ ಓದಿ," ಎಂದ. ಓದಿದಳು. ಆಮೇಲೆ ಅವನೇ ಬಂದು ಮುದುಕನ ಕಾಲಿಗೆ ಬೆಂಕಿ ಹಚ್ಚಿದ. ರೇಡಿಯೋದವನ ಹೆಸರನ್ನು ಮತ್ತೆ ಯಾರೂ ಎತ್ತಲಿಲ್ಲ.

ಜನವರಿಯಲ್ಲಿ ಗ್ಯಾಸ್ ಲಾರಿ ಬೀಗದ ಅಂಗಡಿಯ ಮುಂದೆ ಪೂರ್ತಿ ಹಾಡು ಹಾಡಿ ಸಿಲಿಂಡರ್ ಇಳಿಸಿತು. ಬೆರ್ತಾಳ ಮಾತು ಏರಿನಲ್ಲಿ ನಿಂತುಹೋಯಿತು. ಉರಿದದ್ದನ್ನು ಕೆದಕುವವರು ಯಾರು? ಅಷ್ಟು ಒಳ್ಳೆಯ ಕಥೆಯ ಜಾಗದಲ್ಲಿ ಜನರಿಗೆ ಸ್ವಲ್ಪ ಖಾಲಿಖಾಲಿ ಎನಿಸಿತು, ನಿಜ. ಲೌತಾರೊನನ್ನು ಒಂದು ನಾಮಕರಣಕ್ಕೆ ಕರೆದರು, ಆಮೇಲೆ ಒಂದು ಮದುವೆಗೆ. ಅವನು ಅಲ್ಲಿ ಮಾತಾಡಲು ಶುರುಮಾಡಿದ. ಶುರುಮಾಡಿದ ಮೇಲೆ ನಿಲ್ಲಿಸಲು ಮರೆತ.

ಎತೆಲ್ವಿನಾಳ ಐದು ಗಂಟೆಯ ಅಭ್ಯಾಸ ತಾನಾಗಿ ಹೋಗಲಿಲ್ಲ. ಉಯಿಲಿಗೆ ಇನ್ನೂ ಇಡೀ ವರ್ಷ ಇದ್ದರೂ ಕಾಫಿ ಇಳಿಸಿ, ಕಾಗದಕ್ಕೆ ಇಸ್ತ್ರಿ ಹಾಕಿ ಕೂರುತ್ತಿದ್ದಳು. ದೀಪ ಕಂಡು ಲೌತಾರೊ ಬಾಗಿಲು ಬಡಿಯುತ್ತಿದ್ದ. ಕೈಯಲ್ಲಿ ಅಂಗಿ ಒಂದು ನೆಪಕ್ಕೆ.

"ಮುಂದಿನ ಉಯಿಲಿಗೆ ಒಂದು ವಿಷಯ ಹೊಳೆದಿದೆ, ಬರ್ಕೊಳ್ಳಿ. ಔಷಧಿ ಅಂಗಡಿಯವನ ತಮ್ಮ ಇದಾನಲ್ಲ..."

ಕೂರುತ್ತಿದ್ದ. ಅವಳ ಬ್ರೆಡ್ಡು ಮುರಿದುಕೊಳ್ಳುತ್ತಿದ್ದ. ಒಂದು ವಿಷಯ ಮುಗಿಯುವ ಮೊದಲು ಇನ್ನೊಂದು, ಅದರ ನಡುವೆ ಚಿಲಕಗಳ ಬಗ್ಗೆ ನಾಲ್ಕು ಮಾತು. ಬೆಳಕು ಹರಿದರೂ ಏಳುತ್ತಿರಲಿಲ್ಲ. ಅವಳು ಪೆನ್ಸಿಲು ಕೆಳಗಿಟ್ಟು ಇನ್ನೊಂದು ಲೋಟ ಕಾಫಿ ತರುತ್ತಿದ್ದಳು. ಕಿರಿಕಿರಿ ಎಂದು ವಿಸೆಂತಾಳ ಹತ್ತಿರ ಗೊಣಗಿದಳು. ಆದರೆ ಎರಡು ಲೋಟಕ್ಕಾಗುವಷ್ಟು ನೀರನ್ನು ಮೊದಲೇ ಕಾಯಲು ಇಡುತ್ತಿದ್ದುದನ್ನು ವಿಸೆಂತಾ ಕಂಡಿದ್ದಳು, ನಮಗೆ ಹೇಳಿದ್ದೂ ಅವಳೇ.

ಈಸ್ಟರ್ ಹೊತ್ತಿಗೆ ಚರ್ಚಿನ ಹಾಲಿನ ಬಳಿ ಮಿಸ್ ಓಫೆಲಿಯಾ ಸಿಕ್ಕರು. "ದಿನಾ ಬರೀತಿದೀರಾ ಎತೆಲ್ವಿನಾ?"

"ಎಲ್ಲಿ ಮಿಸ್," ಎಂದಳು ಅವಳು. "ವಿಷಯ ಬೆಳಗ್ಗೆ ಐದಕ್ಕೇ ಬಾಗಿಲು ಬಡಿಯುತ್ತೆ. ಬರೆಯೋಕೆ ಪುರಸೊತ್ತೇ ಇಲ್ಲ."